ಕೊಬ್ಬಿದ ಮರಿಯೇ ಮೊದಲು ಸಾಯುವುದೇಕೆ?

ರಾತ್ರಿ ಮೆಲುಕು ಹಾಕುತ್ತ ಮಲಗಿದ ಕುರಿ ಬೆಳಗಾಗುವಷ್ಟರಲ್ಲಿ ಇಲ್ಲ. ಗಾಯವಿಲ್ಲ, ಮುನ್ಸೂಚನೆಯಿಲ್ಲ. ಕೊಂದದ್ದು ರೋಗಾಣುವಲ್ಲ, ಅದು ಉಗುಳಿದ ವಿಷ. ಆ ವಿಷ ಜೀವಕೋಶಕ್ಕೆ ಕೊರೆಯುವ ತೂತನ್ನು ತಡೆಯಬಲ್ಲ ಪುಟ್ಟ ಅಣುಗಳು ಪ್ರಯೋಗಾಲಯದಲ್ಲಿ ಸಿಕ್ಕಿವೆ. ಮುಧೋಳ, ಬೀಳಗಿ, ಜಮಖಂಡಿಯ ಕುರಿಹಟ್ಟಿಗಳನ್ನು ಮಾತ್ರ ಅವು ಇನ್ನೂ ತಲುಪಿಲ್ಲ.

ರೋಹಿಣಿ ಮಳೆ ಹದವಾಗಿ ಬಿದ್ದು ವಾರ ಕಳೆದಿದೆ. ಬೀಳಗಿಯಿಂದ ಮುಧೋಳದ ಕಡೆ ಹೊರಟರೆ, ಮೊನ್ನೆಯವರೆಗೆ ಬಿರುಕು ಬಿಟ್ಟಿದ್ದ ಎರೆಹೊಲಗಳ ಬದುವಿನ ಮೇಲೆ ಎಳೆಹುಲ್ಲು ಕಣ್ಣು ಬಿಟ್ಟಿದೆ. ಬೇಸಗೆಯುದ್ದಕ್ಕೂ ಒಣಕಡ್ಡಿ, ಜಾಲಿಕಾಯಿ, ಉದುರಿದ ಎಲೆ ತಿಂದು ಹೊಟ್ಟೆ ಬೆನ್ನಿಗೆ ಹತ್ತಿದ ಕುರಿಗಳು ಹಸಿರಿಗೆ ಬಾಯಿ ಹಾಕಿದವು ತಲೆ ಎತ್ತುವುದಿಲ್ಲ. ಸಂಜೆ ಹಿಂಡನ್ನು ಹೊಲದಲ್ಲೇ ತರುಬಿ, ಸುತ್ತ ಬಲೆ ಕಟ್ಟಿ, ಕುರಿಗಾರ ಕಂಬಳಿ ಹೊದ್ದು ಮಲಗುತ್ತಾನೆ. ತೋಳ ಬಂದರೆ ಎಬ್ಬಿಸಲು ನಾಯಿ ಇದೆ.

ನಾಯಿ ರಾತ್ರಿಯಿಡೀ ಬೊಗಳುವುದಿಲ್ಲ. ಆದರೂ ನಸುಕಿನಲ್ಲಿ ಒಂದು ಮರಿ ಏಳುವುದಿಲ್ಲ.

ಹತ್ತಿರ ಹೋಗಿ ನೋಡಿದರೆ ಕತ್ತು ಹಿಂದಕ್ಕೆ ಬಾಗಿದೆ, ಮುಖ ಆಕಾಶ ನೋಡುತ್ತಿದೆ, ಕಾಲುಗಳು ಈಜುವಂತೆ ಬಡಿದು ಮಣ್ಣು ಕೆದರಿವೆ. ಹಿಂಡಿನಲ್ಲೇ ಚೆನ್ನಾಗಿ ಬೆಳೆದಿದ್ದ, ತಾಯಿಯ ಹಾಲು ಹೊಟ್ಟೆ ತುಂಬ ಕುಡಿದು ಮೈ ತುಂಬಿಕೊಂಡಿದ್ದ ಮರಿ ಅದು. ಕೆರೂರ ಸಂತೆಗೋ ಅಮೀನಗಡ ಸಂತೆಗೋ ಒಯ್ದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದ ಮರಿ.

“ನಿನ್ನಿ ಸಂಜೀಕ ಛಲೋ ಮೇದಿತ್ತು.” ಕರುಳುಬೇನೆ ಹೊಕ್ಕ ಯಾವ ಹಟ್ಟಿಯಲ್ಲಿ ಕೇಳಿದರೂ ಮೊದಲು ಬರುವ ಮಾತು ಇದೇ. ಅದನ್ನು ದುಃಖದ ಮಾತೆಂದಷ್ಟೇ ಕೇಳಿಸಿಕೊಳ್ಳಬಾರದು. ರೋಗದ ಗುಟ್ಟು ಆ ಮಾತಿನಲ್ಲೇ ಇದೆ. ಚೆನ್ನಾಗಿ ಮೇದದ್ದರಿಂದಲೇ ಅದು ಸತ್ತಿದೆ.

ಹೊಟ್ಟೆಯೊಳಗಿನ ನೆಂಟ

ಕರುಳುಬೇನೆಗೆ ಪಶುವೈದ್ಯರು ಎಂಟರೋಟಾಕ್ಸೀಮಿಯ ಎನ್ನುತ್ತಾರೆ. ದನದ ದವಾಖಾನೆಯ ಚೀಟಿಯಲ್ಲಿ ‘ಇ.ಟಿ.’ ಎಂದು ಎರಡಕ್ಷರ. ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ, ಅದರಲ್ಲೂ ‘ಡಿ’ ಎಂಬ ಬಗೆ. ಇದು ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಮಣ್ಣಿನಲ್ಲಿರುತ್ತದೆ, ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಷ್ಟಿಷ್ಟು ಇರುತ್ತದೆ. ಇದ್ದರೂ ತಂಟೆ ಮಾಡುವುದಿಲ್ಲ, ಏಕೆಂದರೆ ಅದಕ್ಕೆ ಅಲ್ಲಿ ಉಣ್ಣಲು ಹೆಚ್ಚೇನೂ ಸಿಗುವುದಿಲ್ಲ.

ಸಿಕ್ಕ ದಿನವೇ ಕೇಡಿನ ದಿನ. ಒಣಮೇವಿಗೆ ಒಗ್ಗಿದ ಕುರಿ ಒಮ್ಮೆಲೇ ಎಳೆಹುಲ್ಲು ಮೇದರೆ, ಇಲ್ಲವೆ ಗೋವಿನಜೋಳ ಮುರಿದ ಹೊಲದಲ್ಲಿ ಉದುರಿದ ಕಾಳು ಹೊಟ್ಟೆ ಬಿರಿಯ ತಿಂದರೆ, ಮೆಲುಕುಚೀಲಕ್ಕೆ ಅದನ್ನೆಲ್ಲ ಅರಗಿಸಲಾಗುವುದಿಲ್ಲ. ಅರೆಬರೆ ಅರಗಿದ ಪಿಷ್ಟ ಸಣ್ಣಕರುಳಿಗೆ ಜಾರುತ್ತದೆ. ಅಲ್ಲಿ ಕಾದಿದ್ದ ಬ್ಯಾಕ್ಟೀರಿಯಕ್ಕೆ ಹಬ್ಬದೂಟ. ಜಗತ್ತಿನಲ್ಲಿ ಅತಿ ಬೇಗ ಮರಿ ಹಾಕುವ ಬ್ಯಾಕ್ಟೀರಿಯಗಳಲ್ಲಿ ಇದೂ ಒಂದು. ಹದ ಕೂಡಿಬಂದರೆ ಸುಮಾರು 10 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಸಂಜೆಯ ಒಂದು, ನಡುರಾತ್ರಿಯ ಹೊತ್ತಿಗೆ ಎಷ್ಟಾದೀತು ಎಂದು ಓದುಗರೇ ಗುಣಿಸಿ ನೋಡಬಹುದು.

ಹೀಗೆ ಹೆಚ್ಚಿದ ಬ್ಯಾಕ್ಟೀರಿಯ ‘ಎಪ್ಸಿಲಾನ್’ ಎಂಬ ವಿಷವನ್ನು ಉಗುಳುತ್ತದೆ. ಉಗುಳುವಾಗ ಅದು ಪೂರಾ ವಿಷವೂ ಅಲ್ಲ, ಮುಚ್ಚಿದ ಚಾಕುವಿನಂತೆ ಇರುತ್ತದೆ. ಅದನ್ನು ಬಿಚ್ಚಿಕೊಡುವುದು ಕುರಿಯದೇ ಜೀರ್ಣರಸ. ಮೇವಿನ ಪ್ರೋಟೀನನ್ನು ಕತ್ತರಿಸಬೇಕಾದ ಟ್ರಿಪ್ಸಿನ್ ಈ ವಿಷದ ತುದಿಗಳನ್ನೂ ಕತ್ತರಿಸುತ್ತದೆ. ಅಲ್ಲಿಗೆ ಅಲಗು ಹೊರಬಂತು. ಬಾಟುಲಿನಂ ಮತ್ತು ಧನುರ್ವಾಯುವಿನ ವಿಷಗಳನ್ನು ಬಿಟ್ಟರೆ ಇದೇ ಕುಲದ ಬ್ಯಾಕ್ಟೀರಿಯಗಳು ತಯಾರಿಸುವ ವಿಷಗಳಲ್ಲಿ ಇದಕ್ಕಿಂತ ಉಗ್ರವಾದದ್ದಿಲ್ಲ.

ವಿಷ ಕರುಳಿನ ಗೋಡೆಯನ್ನು ಸಡಿಲಿಸಿ ರಕ್ತಕ್ಕಿಳಿಯುತ್ತದೆ. ಮಿದುಳಿನ ರಕ್ತನಾಳಗಳು ಸೋರುತ್ತವೆ, ಮಿದುಳು ಊದುತ್ತದೆ. ಕತ್ತು ಹಿಂದಕ್ಕೆ ಬಾಗುವುದು, ಕಾಲು ಬಡಿಯುವುದು ಅದರಿಂದ. ಹೃದಯದ ಸುತ್ತ ನೀರು ತುಂಬುತ್ತದೆ. ಕುರಿ ಸತ್ತ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡ ಕೊಳೆತ ಹಣ್ಣಿನಂತೆ ಮೆತ್ತಗಾಗುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟಿದ್ದ ಸಕ್ಕರೆಯೆಲ್ಲ ರಕ್ತಕ್ಕೆ ಸುರಿದು ಮೂತ್ರದಲ್ಲಿ ಹರಿಯುತ್ತದೆ. ಸತ್ತ ಕುರಿಯ ಮೂತ್ರಕೋಶದಿಂದ ಒಂದೆರಡು ಹನಿ ತೆಗೆದು, ಮನುಷ್ಯರ ಸಕ್ಕರೆ ಕಾಯಿಲೆಗೆ ಬಳಸುವ ಪಟ್ಟಿಯನ್ನು ಅದ್ದಿದರೆ ಬಣ್ಣ ಬದಲಾಗುತ್ತದೆ. ಇಡೀ ಸೀಮೆಯೇ ಸಕ್ಕರೆಯ ಮೇಲೆ ಬದುಕುವ ಈ ತಾಲ್ಲೂಕುಗಳಲ್ಲಿ, ಸತ್ತ ಕುರಿಯ ಮೂತ್ರದಲ್ಲಿ ಸಿಗುವ ಸಕ್ಕರೆಯೇ ಕೊಲೆಗಾರನ ಗುರುತು.

ಇನ್ನು ಸೂಜಿಮದ್ದು ಕೊಡಿಸಿದರೆ? ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ನಿಜ. ಆದರೆ ಕಳ್ಳ ಮನೆಗೆ ಬೆಂಕಿ ಇಟ್ಟು ಹೋದ ಮೇಲೆ ಕಳ್ಳನನ್ನು ಹಿಡಿದರೆ ಬೆಂಕಿ ಆರುವುದಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ವಿಷ ತನ್ನ ಕೆಲಸ ಶುರು ಮಾಡಿಯಾಗಿರುತ್ತದೆ.

———————————
ಹಟ್ಟಿಯ ಬೇನೆಗಳು, ಹೆಸರುಗಳು

ಕರುಳುಬೇನೆ: ಎಂಟರೋಟಾಕ್ಸೀಮಿಯ. ಎಪ್ಸಿಲಾನ್ ವಿಷ ಜೀವಕೋಶಕ್ಕೆ ತೂತು ಕೊರೆಯುತ್ತದೆ.

ನೆರಡಿ: ಆಂಥ್ರಾಕ್ಸ್. ಇದರ ವಿಷವೂ ತೂತು ಕೊರೆದೇ ಒಳನುಗ್ಗುತ್ತದೆ. ನೆರಡಿಯಿಂದ ಸತ್ತ ಕುರಿಯನ್ನು ಕೊಯ್ಯಬಾರದು, ಮನುಷ್ಯರಿಗೂ ಹರಡುತ್ತದೆ. ಹಠಾತ್ತಾಗಿ ಸತ್ತ ಪ್ರಾಣಿಯ ಮೂಗು, ಗುದದಿಂದ ಕಪ್ಪು ರಕ್ತ ಸೋರಿದ್ದರೆ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು.

ಚಪ್ಪೆಬೇನೆ: ಇದೂ ಕ್ಲಾಸ್ಟ್ರಿಡಿಯಂ ಕುಲದ್ದೇ. ಹೆಚ್ಚಾಗಿ ದನಗಳ ತೊಡೆಯ ಮಾಂಸಖಂಡಕ್ಕೆ ಬರುತ್ತದೆ.
———————————

ಕಲ್ಕತ್ತೆಯ ಮೊಲ, ಹೆಬ್ಬಾಳದ ಲಸಿಕೆ

ರೋಗಾಣು ಬೇರೆ, ಅದರ ವಿಷ ಬೇರೆ ಎಂಬ ಅರಿವು ತಾನಾಗಿ ಬಂದದ್ದಲ್ಲ. ಇದರಲ್ಲಿ ಭಾರತದ ಪಾಲು ದೊಡ್ಡದು, ನಮ್ಮ ಪಠ್ಯಪುಸ್ತಕಗಳು ಅದನ್ನು ಹೇಳುವುದು ಮಾತ್ರ ಕಡಿಮೆ. ಕಾಲರಾ ಬ್ಯಾಕ್ಟೀರಿಯ ವಿಷದಿಂದಲೇ ಕೊಲ್ಲುತ್ತಿರಬೇಕು ಎಂದು ರಾಬರ್ಟ್ ಕಾಖ್ 1884ರಲ್ಲೇ ಊಹಿಸಿದ್ದರು. ಅದನ್ನು ತೋರಿಸಿಕೊಡಲು 75 ವರ್ಷ ಬೇಕಾಯಿತು. ತೋರಿಸಿದವರು ಕಲ್ಕತ್ತೆಯ ವೈದ್ಯ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಗೆ ಕಾಲರಾ ಬ್ಯಾಕ್ಟೀರಿಯ ಬೆಳೆದ ಸಾರನ್ನು ಬಿಟ್ಟರು. ಬ್ಯಾಕ್ಟೀರಿಯವನ್ನು ಸೋಸಿ ತೆಗೆದ ಬರಿಯ ಸಾರು ಅದು. ಆದರೂ ಕರುಳು ನೀರು ತುಂಬಿ ಊದಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಪುಟ್ಟ ಲೇಖನದಿಂದ ಕಾಲರಾ ಕುರಿತ ವಿಜ್ಞಾನದ ದಿಕ್ಕೇ ಬದಲಾಯಿತು.

ಕುರಿಯ ಕರುಳುಬೇನೆಯ ಮೂಲವನ್ನು ಹಿಡಿದದ್ದು ಅದಕ್ಕೂ ಮುಂಚೆ, ಪಶ್ಚಿಮ ಆಸ್ಟ್ರೇಲಿಯದಲ್ಲಿ. ಅಲ್ಲಿನ ಪಶುವೈದ್ಯ ಎಚ್. ಡಬ್ಲ್ಯು. ಬೆನೆಟ್ಸ್ 1932ರಲ್ಲಿ ಈ ಬೇನೆಯನ್ನು ಬ್ಯಾಕ್ಟೀರಿಯದ ವಿಷಕ್ಕೆ ತಳಕು ಹಾಕಿ ವಿವರಿಸಿದರು. ವಿಷ ಯಾವುದೆಂದು ಗೊತ್ತಾದ ಮೇಲೆ ಲಸಿಕೆಯ ದಾರಿ ತೆರೆಯಿತು. ವಿಷವನ್ನೇ ಫಾರ್ಮಲಿನ್‌ನಲ್ಲಿ ನೆನೆಸಿ ಹಲ್ಲು ಕಿತ್ತು ಚುಚ್ಚಿದರೆ, ಕುರಿಯ ರಕ್ತ ಅದರ ಗುರುತು ಇಟ್ಟುಕೊಳ್ಳುತ್ತದೆ.

ನಮ್ಮ ರಾಜ್ಯದಲ್ಲಿ ಈ ಲಸಿಕೆ ಬರುವುದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಿಂದ. 1925ರಲ್ಲಿ ಸೀರಂ ಸಂಸ್ಥೆಯಾಗಿ ಶುರುವಾದದ್ದು ಅದು. ಆಗ ಮುಧೋಳದಲ್ಲಿ ಘೋರ್ಪಡೆ, ಜಮಖಂಡಿಯಲ್ಲಿ ಪಟವರ್ಧನ ಮನೆತನಗಳ ಆಳ್ವಿಕೆ. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಇಂದು ಮುಂಗಾರಿಗೆ ಮೊದಲು ಹಟ್ಟಿಗಳಿಗೆ ಬರುವ ಇ.ಟಿ. ಸೀಸೆಗಳು ಆ ಹಳೆಯ ಸಂಸ್ಥೆಯ ಕೊಡುಗೆ.

ಲಸಿಕೆ ಒಳ್ಳೆಯದು, ಅಗ್ಗವಾದದ್ದು, ಹಾಕಿಸಲೇಬೇಕಾದದ್ದು. ಈ ಲೇಖನದ ಯಾವ ಸಾಲೂ ಅದಕ್ಕೆ ಪರ್ಯಾಯವಲ್ಲ. ಆದರೆ ಅದಕ್ಕೂ ಮಿತಿ ಇದೆ. ಮೊದಲ ಸೂಜಿಯ ನಂತರ ಎರಡು ಮೂರು ವಾರದಲ್ಲಿ ಇನ್ನೊಂದು ಬೇಕು, ಆಮೇಲೆ ವರ್ಷ ವರ್ಷವೂ ಬೇಕು. ಸೀಸೆ ತಣ್ಣಗಿರಬೇಕು. ಹಿಂಡು ಮಾತ್ರ ಒಂದೆಡೆ ನಿಲ್ಲುವುದಿಲ್ಲ. ಮೊದಲ ಸೂಜಿ ಬೀಳಗಿಯ ಹೊಲದಲ್ಲಾದರೆ, ಎರಡನೆಯದರ ಹೊತ್ತಿಗೆ ಹಿಂಡು ಕೃಷ್ಣೆ ದಾಟಿರುತ್ತದೆ. ಸೂಜಿ ತಪ್ಪಿದ ಮರಿಗಳು ಪ್ರತಿ ಹಿಂಡಿನಲ್ಲೂ ಇರುತ್ತವೆ.

ಅಂಥ ಮರಿಗೆ ನಡುರಾತ್ರಿ ಕತ್ತು ಬಾಗಿದರೆ ಕೊಡಲು ಕುರಿಗಾರನ ಚೀಲದಲ್ಲಿ ಇಂದು ಏನೂ ಇಲ್ಲ. ವಿಷಕ್ಕೆ ಪ್ರತಿವಿಷ ಎಂಬ ಸೀರಂ ಇದೆ, ಆದರೆ ಅದಕ್ಕೂ ಫ್ರಿಜ್ ಬೇಕು, ವೈದ್ಯರು ಬೇಕು, ಹೊತ್ತು ಮೀರಿರಬಾರದು.

ಹದಿನಾಲ್ಕು ಎಳೆಯ ಕೊಳವೆ

ವಿಷವನ್ನು ತಡೆಯಬೇಕಾದರೆ ಅದು ಕೊಲ್ಲುವ ಬಗೆ ಗೊತ್ತಿರಬೇಕು. ಇದನ್ನು ವಿವರಿಸಲು ರಬಕವಿ-ಬನಹಟ್ಟಿಯ ಮಗ್ಗಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ.

ಜೀವಕೋಶದ ಹೊದಿಕೆಯನ್ನು ಒತ್ತಾಗಿ ನೇಯ್ದ ಸೀರೆ ಎಂದುಕೊಳ್ಳಿ. ಒಳಗಿನದು ಒಳಗೆ, ಹೊರಗಿನದು ಹೊರಗೆ ಉಳಿಯುವುದು ಈ ನೇಯ್ಗೆ ಬಿಗಿಯಾಗಿರುವವರೆಗೆ ಮಾತ್ರ. ಎಪ್ಸಿಲಾನ್ ವಿಷದ ಒಂದೊಂದು ಅಣುವೂ ಮೊದಲು ಈ ಹೊದಿಕೆಯ ಮೇಲೆ ಬಂದು ಕೂರುತ್ತದೆ. ಒಂದರ ಪಕ್ಕ ಇನ್ನೊಂದು ಸೇರಿ, ಏಳು ಅಣುಗಳು ಕೈಕೈ ಹಿಡಿದು ಉಂಗುರ ಕಟ್ಟುತ್ತವೆ. ಬಳಿಕ ಏಳೂ ಅಣುಗಳು ತಮ್ಮೊಳಗಿಂದ ಎರಡೆರಡು ಎಳೆಗಳನ್ನು ಕೆಳಕ್ಕೆ ಬಿಡುತ್ತವೆ. ಒಟ್ಟು 14 ಎಳೆ. ಅವು ಒಂದಕ್ಕೊಂದು ಹೆಣೆದುಕೊಂಡು ಕೊಳವೆಯಾಗಿ ಹೊದಿಕೆಯನ್ನು ತೂರಿ ಒಳಕ್ಕೆ ಇಳಿಯುತ್ತವೆ. ಇನ್ನು ಆ ಜೀವಕೋಶ ತೂತಾದ ಕೊಡ. ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಸೋಡಿಯಂ, ನೀರು ಒಳಕ್ಕೆ ನುಗ್ಗುತ್ತವೆ. ಕೋಶ ಊದಿ ಸಾಯುತ್ತದೆ.

ವಿಷದ ಒಂಟಿ ಅಣುವಿನ ಆಕಾರ 2004ರಲ್ಲಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ತಂಡದಿಂದ ಗೊತ್ತಾಯಿತು. ಕೊಳವೆಯ ಪೂರ್ಣ ಚಿತ್ರ ಸಿಕ್ಕದ್ದು 2019ರಲ್ಲಿ. ಎಲ್ಲ ಜೀವಕೋಶಗಳ ಮೇಲೂ ಈ ವಿಷ ಕೂರುವುದಿಲ್ಲ, ಅದಕ್ಕೆ ಮೆಟ್ಟಿಲು ಬೇಕು. ಆ ಮೆಟ್ಟಿಲು ‘ಮಾಲ್’ ಎಂಬ ಪ್ರೋಟೀನ್ ಎಂದು 2015ರಲ್ಲಿ ತಿಳಿಯಿತು. ಮಾಲ್ ಇಲ್ಲದಂತೆ ಹುಟ್ಟಿಸಿದ ಇಲಿಗಳು ಈ ವಿಷವನ್ನು ತಾಳಿಕೊಂಡವು.

ಅಂದರೆ ತಡೆಯಲು ಜಾಗಗಳು ಹಲವು. ತುದಿ ಕತ್ತರಿಸುವಾಗ, ಮೆಟ್ಟಿಲು ಹತ್ತುವಾಗ, ಉಂಗುರ ಕಟ್ಟುವಾಗ, ಕೊಳವೆ ಇಳಿಸುವಾಗ ತಡೆಯಬಹುದು. ಕೊಳವೆ ಇಳಿದ ಮೇಲೂ ಅದರ ಬಾಯಿಗೆ ಬೆಣೆ ಹೊಡೆಯಬಹುದು.

ನಾಯಿಯ ಕಾವಲು, ಗುಲಾಬಿ ಬಣ್ಣ

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಮಿಶೆಲ್ ಲೂಯಿಸ್, ಡೇವಿಡ್ ವೀವರ್ ಮತ್ತು ಮಾರ್ಕ್ ಮೆಕ್ಲೇನ್ ಎಂಬ ಮೂವರು ಈ ಜಾಗಗಳಲ್ಲಿ ಎಲ್ಲಾದರೂ ಅಡ್ಡಗಾಲು ಹಾಕುವ ಪುಟ್ಟ ಅಣು ಇದೆಯೇ ಎಂದು ಹುಡುಕಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

‘ಪುಟ್ಟ ಅಣು’ ಎಂದರೆ ಎಷ್ಟು ಪುಟ್ಟದು? ವಿಷದ ಒಂದು ಅಣುವಿನ ಭಾರ ಸುಮಾರು 30,000 ಡಾಲ್ಟನ್. ನಾವು ನುಂಗುವ ಜ್ವರದ ಗುಳಿಗೆಯಂಥ ಔಷಧಗಳ ಅಣು ನೂರಾರು ಡಾಲ್ಟನ್ನಿನೊಳಗೆ. ತುಂಬಿದ ಕಬ್ಬಿನ ಗಾಡಿಯ ಮುಂದೆ ಒಂದು ಕಲ್ಲು ಇದ್ದಂತೆ. ಗಾಡಿಯನ್ನು ಕಲ್ಲು ಎತ್ತಲಾರದು. ಆದರೆ ಸರಿಯಾದ ಹೊತ್ತಿಗೆ ಗಾಲಿಗೆ ಕೊಟ್ಟರೆ ಗಾಡಿ ನಿಲ್ಲುತ್ತದೆ.

ಆ ಕಲ್ಲನ್ನು ಹುಡುಕುವುದು ಹೇಗೆ? ಇಲ್ಲಿ ನಾಯಿ ಬರುತ್ತದೆ. ಎಪ್ಸಿಲಾನ್ ವಿಷ ಪ್ರಯೋಗಾಲಯದಲ್ಲಿ ಬೆಳೆಸುವ ಹೆಚ್ಚಿನ ಕೋಶಗಳನ್ನು ಕೊಲ್ಲುವುದಿಲ್ಲ. ಕೊಲ್ಲುವ ಕೆಲವೇ ಕೋಶಗಳಲ್ಲಿ ‘ಎಂ.ಡಿ.ಸಿ.ಕೆ.’ ಮುಖ್ಯವಾದದ್ದು. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಎಂಬಿಬ್ಬರು ಒಂದು ಹೆಣ್ಣು ಕಾಕರ್ ಸ್ಪ್ಯಾನಿಯಲ್ ನಾಯಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಕೋಶಗಳ ಸಂತತಿ ಇದು, ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಮುಧೋಳದ ಬೇಟೆನಾಯಿ ಈ ಸೀಮೆಯ ಹೆಮ್ಮೆ. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, ಸೇನೆಯೂ ಅದನ್ನು ತರಬೇತಿಗೆ ಒಯ್ದಿದೆ. ಕುರಿಯನ್ನು ತೋಳದಿಂದ ಕಾಯುವ ಪ್ರಾಣಿಯ ಕೋಶವೇ ಕುರಿಯನ್ನು ಕೊಲ್ಲುವ ವಿಷದ ಪರೀಕ್ಷೆಗೂ ನಿಂತಿದೆ ಎಂಬುದು ತಿಳಿದಾಗ ನನಗೆ ಆ ಪುಟ ಮಗುಚಲು ಮನಸ್ಸಾಗಲಿಲ್ಲ.

ಸಾಲು ಸಾಲು ಪುಟ್ಟ ಗುಳಿಗಳಿರುವ ತಟ್ಟೆಗಳಲ್ಲಿ ಈ ಕೋಶಗಳನ್ನು ಬೆಳೆಸಿದರು. ಗುಳಿಗೊಂದು ಬೇರೆ ಬೇರೆ ರಾಸಾಯನಿಕ ಹನಿಸಿ, ಮೇಲೆ ವಿಷ ಬಿಟ್ಟರು. ಕೊನೆಗೆ ರೆಸಾಜುರಿನ್ ಎಂಬ ನೀಲಿ ಬಣ್ಣ. ಜೀವ ಇರುವ ಕೋಶ ಈ ನೀಲಿಯನ್ನು ಅರಗಿಸಿ ಗುಲಾಬಿ ಮಾಡುತ್ತದೆ, ಸತ್ತ ಕೋಶಕ್ಕೆ ಆ ಶಕ್ತಿ ಇಲ್ಲ. ನೀಲಿ ಉಳಿದರೆ ಸಾವು, ಗುಲಾಬಿಯಾದರೆ ಉಳಿವು.

ಹೀಗೆ ಪರೀಕ್ಷಿಸಿದ ರಾಸಾಯನಿಕಗಳ ಸಂಖ್ಯೆ 1,51,616. ಗುಲಾಬಿಯಾದದ್ದು ಶೇ 0.6ರಷ್ಟು, ಅಂದರೆ ಸುಮಾರು 900. ಮತ್ತೆ ಮತ್ತೆ ಪರೀಕ್ಷಿಸಿ, ಸುಳ್ಳು ಗುಲಾಬಿಗಳನ್ನು ಜರಡಿ ಹಿಡಿದ ಮೇಲೆ ಕೊನೆಗೆ ಗಮನ ನೆಟ್ಟದ್ದು ಮೂರರ ಮೇಲೆ.

ಈ ಮೂರೂ ವಿಷವನ್ನು ಕೋಶದ ಮೇಲೆ ಕೂರದಂತೆ ತಡೆಯಲಿಲ್ಲ. ಉಂಗುರ ಕಟ್ಟುವುದನ್ನೂ ತಡೆಯಲಿಲ್ಲ. ಆದರೂ ಕೋಶ ಬದುಕಿತು. ಮೂರರಲ್ಲಿ ಎರಡು, ಕೋಶದ ಹೊದಿಕೆ ಸೋರುವುದನ್ನು ತಡೆದವು. ಅದಕ್ಕಿಂತ ದೊಡ್ಡ ಮಾತೆಂದರೆ, ಮೊದಲೇ ವಿಷ ಉಂಡ ಕೋಶಗಳಿಗೆ ಆಮೇಲೆ ಕೊಟ್ಟಾಗಲೂ ಆ ಎರಡು ಅಣುಗಳು ಕೆಲಸ ಮಾಡಿದವು.

ಕುರಿಗಾರನಿಗೆ ಬೇಕಾದದ್ದು ಈ ಕೊನೆಯ ಸಾಲು. ಲಸಿಕೆ ವಿಷಕ್ಕಿಂತ ಮೊದಲೇ ಬರಬೇಕು. ಈ ಅಣುಗಳು ವಿಷದ ಹಿಂದೆ ಬಂದೂ ನಿಲ್ಲಿಸಬಲ್ಲವು, ಕನಿಷ್ಠ ತಟ್ಟೆಯ ಗುಳಿಯಲ್ಲಿ.

———————————
ಕುರಿಯ ವಿಷ, ಮನುಷ್ಯನ ಮಿದುಳು

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ನರಗಳ ಮೇಲಿನ ಮಯಲಿನ್ ಕವಚ ಸವೆಯುತ್ತದೆ. ಎಪ್ಸಿಲಾನ್ ವಿಷ ಹತ್ತುವ ‘ಮಾಲ್’ ಮೆಟ್ಟಿಲು ಮಯಲಿನ್‌ನಲ್ಲೂ ಇದೆ. 2013ರಲ್ಲಿ ಈ ರೋಗ ಆಗಷ್ಟೇ ಕಾಣಿಸಿದ್ದ ಯುವತಿಯೊಬ್ಬರ ಮಲದಲ್ಲಿ ಈ ವಿಷ ತಯಾರಿಸುವ ಬ್ಯಾಕ್ಟೀರಿಯ ಸಿಕ್ಕಿತು. 2023ರ ಅಧ್ಯಯನವೊಂದು ಈ ರೋಗಿಗಳ ಕರುಳಿನಲ್ಲಿ ಅದು ಹೆಚ್ಚಾಗಿ ಕಾಣುತ್ತದೆ ಎಂದಿತು. ವಿಷವೇ ರೋಗದ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಕುರಿಗಾಗಿ ಹುಡುಕುವ ಮದ್ದಿನ ಮೇಲೆ ನರರೋಗ ತಜ್ಞರ ಕಣ್ಣೂ ಬಿದ್ದಿರುವುದು ಇದರಿಂದಲೇ.
———————————

ಏಳಕ್ಕೆ ಏಳು: ಸಕ್ಕರೆಯ ಬೆಣೆ

ಒಂದೊಂದಾಗಿ ಲಕ್ಷಾಂತರ ಜರಡಿ ಹಿಡಿಯುವುದು ಒಂದು ದಾರಿ. ಬೀಗ ನೋಡಿ ಬೀಗದಕೈ ಕಡೆಯುವುದು ಇನ್ನೊಂದು. ನೆರಡಿಯ ವಿಷಕ್ಕೆ ಹಾಗೆ ಕಡೆದ ಬೆಣೆಯೊಂದಿದೆ, ಅದನ್ನು ಕಡೆದದ್ದು ಸಕ್ಕರೆಯಿಂದ.

2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಅಂಚೆಯಲ್ಲಿ ಬಂದವು. 22 ಜನರಿಗೆ ಸೋಂಕು ತಗುಲಿ 5 ಜನ ಸತ್ತರು. ಸತ್ತವರಿಗೆ ಆ್ಯಂಟಿಬಯಾಟಿಕ್ ಇರಲಿಲ್ಲವೆಂದಲ್ಲ, ಬಾಧಿಸಿದ್ದು ವಿಷ. ಆ ಭಯದ ಬೆನ್ನಲ್ಲೇ ಬ್ಯಾಕ್ಟೀರಿಯದ ವಿಷಗಳನ್ನು ತಡೆಯುವ ಸಂಶೋಧನೆಗೆ ಅಲ್ಲಿ ಹಣ ಹರಿಯಿತು.

ನೆರಡಿಯ ವಿಷವೂ ಕೋಶದ ಮೇಲೆ ಏಳರ ಉಂಗುರ ಕಟ್ಟಿ ಕೊಳವೆ ಇಳಿಸುತ್ತದೆ. ಆ ಕೊಳವೆಯ ಮೂಲಕ ಕೊಲ್ಲುವ ಭಾಗಗಳು ಒಳಗೆ ಜಾರುತ್ತವೆ. ಏಳು ಮೂಲೆಯ ಬಾಯಿಗೆ ಏಳು ಮೂಲೆಯ ಬೆಣೆ ಹೊಂದುತ್ತದಲ್ಲವೇ? ಅಂಥ ವಸ್ತು ಪ್ರಕೃತಿಯಲ್ಲಿ ಸಿದ್ಧವಾಗಿತ್ತು. ಪಿಷ್ಟವನ್ನು ಕೆಲವು ಬ್ಯಾಕ್ಟೀರಿಯಗಳ ಕಿಣ್ವಕ್ಕೆ ಒಡ್ಡಿದರೆ ಗ್ಲೂಕೋಸ್‌ಗಳು ಬಳೆಯಂತೆ ಸುತ್ತಿಕೊಂಡ ಅಣುಗಳು ಸಿಗುತ್ತವೆ. ಇವು ಸೈಕ್ಲೊಡೆಕ್ಸ್‌ಟ್ರಿನ್‌ಗಳು. ಫ್ರಾನ್ಸಿನ ವಿಲಿಯೆ 1891ರಲ್ಲಿ ಕಂಡುಹಿಡಿದದ್ದು. ಅವುಗಳಲ್ಲಿ ‘ಬೀಟಾ’ ಬಗೆಯಲ್ಲಿ ಇರುವುದು ಸರಿಯಾಗಿ 7 ಗ್ಲೂಕೋಸ್.

ವ್ಲಾದಿಮಿರ್ ಕಾರ್ಗಿನಾವ್, ಸೆರ್ಗೆಯ್ ಬೆಜ್ರುಕಾವ್ ಮತ್ತಿತರರ ತಂಡ ಈ ಬಳೆಗೆ ಧನವಿದ್ಯುದಂಶದ ಏಳು ಪುಟ್ಟ ಬಾಲಗಳನ್ನು ಅಂಟಿಸಿ ಕೊಳವೆಯ ಬಾಯಿಗೆ ಬಿಟ್ಟಿತು. ಬಾಯಿ ಮುಚ್ಚಿತು. ಕೋಶಗಳು ಉಳಿದವು. ವಿಷ ಚುಚ್ಚಿದ ಇಲಿಗಳೂ ಉಳಿದವು. 2005ರಲ್ಲಿ ಪ್ರಕಟವಾದ ಕೆಲಸ ಇದು. ಇದೇ ಜಾಡಿನ ಇನ್ನೊಂದು ಬಳೆ, ಏಳರ ಉಂಗುರವನ್ನೇ ಕಟ್ಟುವ ಸ್ಟೆಫಿಲೊಕಾಕಸ್ ವಿಷದಿಂದ ಇಲಿಗಳ ಶ್ವಾಸಕೋಶ ಕಾಯಬಲ್ಲದೆಂದು 2010ರಲ್ಲಿ ತೋರಿಸಲಾಯಿತು.

ಗೋವಿನಜೋಳದ ಪಿಷ್ಟದಿಂದಲೂ ಈ ಬಳೆ ಮಾಡಬಹುದು. ಉದುರಿದ ಗೋವಿನಜೋಳ ತಿಂದು ಕುರಿ ಸಾಯುವ ಹೊಲದಲ್ಲೇ ಬೆಣೆಯ ಕಚ್ಚಾವಸ್ತುವೂ ಬೆಳೆಯುತ್ತಿದೆ. ಒಂದು ಬದಿಗೆ ಮಹಾಲಿಂಗಪುರದ ಬೆಲ್ಲ, ಸುತ್ತ ಸಕ್ಕರೆ ಕಾರ್ಖಾನೆಗಳು ಇರುವ ಈ ಸೀಮೆಯಲ್ಲಿ ನಿಂತು ಇದನ್ನು ಬರೆಯುವಾಗ ನನಗೆ ಆಸೆ ಹುಟ್ಟುತ್ತದೆ, ಅದನ್ನು ಮುಚ್ಚಿಡಲಾರೆ.

ಬೆಂಗಳೂರಿನ ಮೇಜಿನ ಮೇಲೆ

ತೂತು ಕೊರೆಯುವ ವಿಷಗಳ ಅಧ್ಯಯನ ಕರ್ನಾಟಕದಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ, ಕೆ. ಗಣಪತಿ ಅಯ್ಯಪ್ಪ, ರಾಹುಲ್ ರಾಯ್ ಅವರ ತಂಡಗಳು ಸೇರಿ ಇ. ಕೊಲೈ ಬ್ಯಾಕ್ಟೀರಿಯದ ಸೈಟೊಲೈಸಿನ್-ಎ ಎಂಬ ವಿಷದ ಬೆನ್ನು ಹತ್ತಿದವು. ಕೋಶದ ಹೊದಿಕೆಯಲ್ಲಿರುವ ಕೊಲೆಸ್ಟರಾಲ್, ಅರ್ಧ ಕಟ್ಟಿದ ಉಂಗುರಕ್ಕೆ ಆಸರೆಯಾಗಿ ನಿಂತು ತೂತು ಪೂರ್ಣವಾಗಲು ನೆರವಾಗುತ್ತದೆ ಎಂದು 2018ರಲ್ಲಿ ತೋರಿಸಿದವು. ಆಸರೆ ಯಾವುದೆಂದು ಗೊತ್ತಾದರೆ ಅದನ್ನು ಎಳೆದು ಹಾಕುವ ಯೋಚನೆಯೂ ಹುಟ್ಟುತ್ತದೆ.

ಸಂಧ್ಯಾ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇನ್ನೊಂದು ವಿಷವನ್ನು. ಮಕ್ಕಳಿಗೆ ನೀರುಭೇದಿ ತರುವ ಇ. ಕೊಲೈ ಬ್ಯಾಕ್ಟೀರಿಯದ, ಕುದಿಸಿದರೂ ಕೆಡದ ಪುಟ್ಟ ವಿಷ ಅದು. ಕರುಳಿನ ಕೋಶದ ಮೇಲೆ ಅದಕ್ಕೊಂದು ನಿಗದಿತ ಬಾಗಿಲಿದೆ. ಅದೇ ಬಾಗಿಲಿನ ಜೀನ್‌ನಲ್ಲಿ ದೋಷವಿದ್ದು, ವಿಷವಿಲ್ಲದೆಯೇ ಪೀಳಿಗೆಯಿಂದ ಪೀಳಿಗೆಗೆ ಭೇದಿಯಿಂದ ಬಳಲಿದ ನಾರ್ವೆಯ ಕುಟುಂಬವೊಂದರ ಕಾರಣ ಹುಡುಕಿದ ತಂಡದಲ್ಲೂ ಬೆಂಗಳೂರಿನ ಕೈ ಇತ್ತು. ಅದು 2012. ಅದೇ ವರ್ಷ ಈ ವಿಷವನ್ನೇ ಅನುಕರಿಸಿ ಮಾಡಿದ ಲಿನಾಕ್ಲೊಟೈಡ್ ಎಂಬ ಮದ್ದು ಅಮೆರಿಕದಲ್ಲಿ ಮಲಬದ್ಧತೆಗೆ ಬಳಕೆಗೆ ಬಂತು. ವಿಷದ ಕೆಲಸ ಪೂರ್ತಿ ತಿಳಿದರೆ ತಡೆಯಬಹುದು, ಪಳಗಿಸಲೂಬಹುದು.

ಹಾಗಿದ್ದರೆ ಕುರಿಯ ಮದ್ದು ಏಕೆ ಬಂದಿಲ್ಲ? ವ್ಯಾಂಡರ್‌ಬಿಲ್ಟ್‌ನ ಪ್ರಬಂಧ ಪ್ರಕಟವಾಗಿ ದಶಕ ದಾಟಿದೆ. ಎಪ್ಸಿಲಾನ್ ವಿಷವನ್ನು ತಡೆಯುವ ಒಂದು ಗುಳಿಗೆಯೂ ಪಶುವೈದ್ಯರ ಕೈಗೆ ಬಂದಿಲ್ಲ. ತಟ್ಟೆಯ ಗುಳಿಯಿಂದ ಕುರಿಯ ಮೈಗೆ ಬರುವ ದಾರಿ ಉದ್ದ ಎಂಬುದು ನಿಜ. ಅಣು ಕರುಳಿನಲ್ಲಿ ಕರಗಬೇಕು, ರಕ್ತದಲ್ಲಿ ಉಳಿಯಬೇಕು, ಮಿದುಳಿನ ನಾಳ ತಲುಪಬೇಕು, ಯಕೃತ್ತಿಗೆ ಕೇಡು ಮಾಡಬಾರದು, ಮಾಂಸದಲ್ಲಿ ಉಳಿಯಬಾರದು. ಆದರೆ ದಾರಿ ಉದ್ದವಾಗಿರುವುದೊಂದೇ ಕಾರಣವಲ್ಲ. ಈ ವಿಷದ ಹುಡುಕಾಟಕ್ಕೆ ಹಣ ಬಂದದ್ದು ಹೆಚ್ಚಾಗಿ ಅದು ಜೈವಿಕ ಅಸ್ತ್ರವಾದೀತೆಂಬ ಭಯದಿಂದ. ಕುರಿ ಆ ಲೆಕ್ಕದಲ್ಲಿ ಮುಖ್ಯವಾಗಿರಲಿಲ್ಲ. ಔಷಧ ಕಂಪನಿಗೆ ಕುರಿಗಾರ ಲಾಭ ತರುವ ಗಿರಾಕಿಯಲ್ಲ. ಈ ಕೆಲಸವನ್ನು ಯಾರಾದರೂ ಕುರಿಗಾಗಿ ಮಾಡುವುದಿದ್ದರೆ, ಕುರಿಗಳು ಇರುವ ನಾಡೇ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ದೇಶದಲ್ಲಿ ನಾವೇ.

ಬೇಕಾದವರೆಲ್ಲ ಇಲ್ಲೇ ಇದ್ದಾರೆ. ವಿಷದ ಕೊಳವೆ ಬಲ್ಲವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ವಿಷವನ್ನು ಪೀಪಾಯಿಗಟ್ಟಲೆ ಬೆಳೆಸಿ ಲಸಿಕೆ ಮಾಡುವವರು ಹೆಬ್ಬಾಳದಲ್ಲಿದ್ದಾರೆ. ಯಾವ ಜಿಲ್ಲೆಗೆ ಕರುಳುಬೇನೆ ಯಾವಾಗ ಬಂದೀತು ಎಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಯಲಹಂಕದಲ್ಲಿದೆ. ಕುರಿಯನ್ನು ಕಣ್ಣೆದುರು ನೋಡುವವರು ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿದ್ದಾರೆ, ಮುಧೋಳದ ಪಕ್ಕದ ತಿಮ್ಮಾಪುರದಲ್ಲಿರುವುದು ಅದರದೇ ಕೇಂದ್ರ. ಈ ನಾಲ್ಕು ಮೇಜುಗಳು ಒಂದೇ ಕೋಣೆಗೆ ಬರಬೇಕಾಗಿದೆ.

ಮಳೆಗೆ ಮೊದಲು

ಹೊಲಗಳ ಸ್ಥಿತಿಯೂ ಬದಲಾಗುತ್ತಿದೆ. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲ್ಲೂಕಿನ ಊರುಗಳನ್ನೂ ನದಿದಂಡೆಯ ಹುಲ್ಲುಗಾವಲನ್ನೂ ನುಂಗಿತು. ಕೃಷ್ಣೆ, ಘಟಪ್ರಭೆಯ ನೀರು ಹರಿದಲ್ಲೆಲ್ಲ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಕಡೆ ಕಬ್ಬು ಒತ್ತಿ ನಿಂತಿದೆ. ಮೇಯುವ ಬಯಲು ಕಡಿಮೆಯಾದಷ್ಟೂ ಹಿಂಡು ಕೊಯ್ದ ಹೊಲವನ್ನೇ ನೆಚ್ಚಬೇಕು. ಕೊಯ್ದ ಹೊಲದಲ್ಲಿ ಇರುವುದು ಕಾಳು. ಹಸಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಗುವುದೇನೆಂದು ಮೇಲೆ ಹೇಳಿದ್ದೇನೆ.

ಹಳಬರಿಗೆ ಇದು ಅಣುಗಳ ಲೆಕ್ಕವಿಲ್ಲದೆಯೇ ಗೊತ್ತಿತ್ತು. ಹೊಸ ಹುಲ್ಲಿಗೆ ಹಿಂಡು ಬಿಡುವ ಮುನ್ನ ಒಣಮೇವು ಹಾಕಿ ಅರೆಹೊಟ್ಟೆ ತುಂಬಿಸುವುದು, ಮೊದಲ ದಿನ ಸ್ವಲ್ಪ ಹೊತ್ತು ಮೇಯಿಸಿ ಹಿಂದಕ್ಕೆ ಅಟ್ಟುವುದು, ಕಾಳು ಬಿದ್ದ ಹೊಲಕ್ಕೆ ಮರಿಗಳನ್ನು ತಡೆದು ಬಿಡುವುದು. ಪಶುವೈದ್ಯರೂ ಇಂದು ಹೇಳುವುದು ಇದನ್ನೇ, ಜೊತೆಗೆ ಮುಂಗಾರಿಗೆ ಎರಡು ಮೂರು ವಾರ ಮೊದಲೇ ಸೂಜಿ.

ಮೇ ಕೊನೆಯ ವಾರ, ಬಲೆಯ ಒಂದು ಮೂಲೆ ತೆರೆದು ಕುರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಒಬ್ಬ ಕಿವಿ ಹಿಡಿಯುತ್ತಾನೆ, ಪಶು ಇಲಾಖೆಯವರು ತಣ್ಣನೆಯ ಡಬ್ಬಿಯಿಂದ ಸೀಸೆ ತೆಗೆದು ತೊಗಲಿನಡಿ ಚುಚ್ಚುತ್ತಾರೆ, ಇನ್ನೊಬ್ಬ ಬೆನ್ನಿಗೆ ಬಣ್ಣದ ಗುರುತು ಎಳೆಯುತ್ತಾನೆ. ಗುರುತು ಬಿದ್ದದ್ದು ಬಲಕ್ಕೆ, ಬೀಳದ್ದು ಎಡಕ್ಕೆ. ಸಂಜೆಗೆ ಸೀಸೆ ಮುಗಿಯುತ್ತದೆ. ಎಡಗಡೆ ಉಳಿದ ಏಳೆಂಟು ಮರಿಗಳು ಗುರುತಿಲ್ಲದ ಬೆನ್ನಿನಲ್ಲೇ ತಾಯಂದಿರ ನಡುವೆ ನುಸುಳಿ ಸೇರಿಕೊಳ್ಳುತ್ತವೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ.